ಮೂರನೇ ಕೈ

ಮನುಷ್ಯನಿಗೆ ಇರುವುದು ಎರಡೇ ಕೈ ಎಂಬುದನ್ನು ನಾನು ಕಲಿತದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ, ನಗೋಯಾದ ಒಸು ಪೇಟೆಯಲ್ಲಿ, ಶಾವಿಗೆ ಸಾರಿನ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಕಲಿಸಿದವರು ಒಗಿಸೊ-ಸಾನ್.

ಅದು ತೊಂಬತ್ತನಾಲ್ಕನೇ ಇಸವಿ. ಗಿರಾಕಿಗಳು ಹಾಡಲು ಹಿಮ್ಮೇಳ ನುಡಿಸುವ ಕರೋಕೆ ಪೆಟ್ಟಿಗೆಗಳು ಹಾಡಿನ ತಟ್ಟೆಗಳನ್ನು ಬಿಟ್ಟು ಟೆಲಿಫೋನ್ ತಂತಿಗೆ ಜೋತುಬಿದ್ದ ಹೊಸತು. ತಂತಿಯಲ್ಲಿ ಬರುತ್ತಿದ್ದದ್ದು ಹಾಡಲ್ಲ, ಹಾಡಿನ ಅಪ್ಪಣೆಗಳು: ಇಂಥ ಕ್ಷಣಕ್ಕೆ ಇಂಥ ವಾದ್ಯ, ಇಷ್ಟು ಜೋರು. ಮಿಡಿ ಎನ್ನುತ್ತಾರೆ. ಪೆಟ್ಟಿಗೆ ಅದನ್ನು ಓದಿಕೊಂಡು ತಾನೇ ನುಡಿಸುತ್ತಿತ್ತು. ಆ ಅಪ್ಪಣೆಗಳನ್ನು ಬರೆಯಲು, ಹಳೆಯ ರೆಕಾರ್ಡುಗಳನ್ನು ಕೇಳಿ ಕೇಳಿ ಕಂಪ್ಯೂಟರಿಗೆ ಒಂದೊಂದೇ ಸ್ವರ ಉಣಿಸುವ ಜನ ಬೇಕಿತ್ತು. ನಮ್ಮ ಮಹಡಿಯಲ್ಲಿ ಅಂಥವರು ಏಳು ಮಂದಿ. ನಾನು ಏಳನೆಯವಳು, ಮೂರು ತಿಂಗಳ ಪರೀಕ್ಷೆಯ ಮೇಲೆ. ಪರೀಕ್ಷೆಗೆ ಮೂರು ಹಾಡು. ಮೂರೂ ವಾಪಸಾದರೆ ಮನೆಗೆ. ಮನೆ ಎಂದರೆ ತಾಜಿಮಿ, ಅಲ್ಲಿ ಚಿಕ್ಕಪ್ಪನ ಟೈಲ್ಸ್ ಕಾರ್ಖಾನೆ, ಕಾರ್ಖಾನೆಯಲ್ಲಿ ಬಿರುಕು ಬಿಟ್ಟ ಟೈಲ್ಸ್ ಆರಿಸುವ ಒಂದು ಮೇಜು. ಆ ಮೇಜಿನ ಮುಂದಿನ ಕುರ್ಚಿಯನ್ನು ಚಿಕ್ಕಪ್ಪ ನನಗಾಗಿ ಖಾಲಿ ಇಟ್ಟಿದ್ದರು. ಪಿಯಾನೊ ಕಲಿತ ಕೈ ಸೂಕ್ಷ್ಮವಾಗಿರುತ್ತದೆ, ಬಿರುಕು ಬೇಗ ಸಿಗುತ್ತದೆ ಎಂಬುದು ಅವರ ನಂಬಿಕೆ.

ಪಿಯಾನೊ, ಪಿಟೀಲು, ತುತ್ತೂರಿ ನನಗೆ ಕಷ್ಟವಾಗಲಿಲ್ಲ. ಕಾಡಿದ್ದು ಡ್ರಮ್. ಅದೇ ಕರಿ-ಬಿಳಿ ಮನೆಗಳ ಕೀಲಿಮಣೆಯಲ್ಲಿ ಒಂದೊಂದು ಮನೆಗೂ ಒಂದೊಂದು ಡ್ರಮ್ಮನ್ನು ಕೂರಿಸಿರುತ್ತಾರೆ. ಮೂವತ್ತಾರನೇ ಮನೆ ಒತ್ತಿದರೆ ಕಾಲಿನ ದೊಡ್ಡ ಡ್ರಮ್, ಮೂವತ್ತೆಂಟಕ್ಕೆ ಸ್ನೇರ್ ಎಂಬ ಚಿಕ್ಕ ಡ್ರಮ್, ನಲವತ್ತೆರಡಕ್ಕೆ ಕಾಲಲ್ಲಿ ಮೆಟ್ಟಿ ಮುಚ್ಚಿದ ಜೋಡಿತಾಳ, ನಲವತ್ತಾರಕ್ಕೆ ಅದೇ ಜೋಡಿತಾಳ ಬಾಯಿ ತೆರೆದದ್ದು. ಪಿಯಾನೊದವಳಿಗೆ ಇದು ಉಪ್ಪಿನ ಡಬ್ಬಿಗೆ ಕೈ ಹಾಕಿದರೆ ಚಪ್ಪಲಿ ಸಿಕ್ಕಂತೆ.

ನಮ್ಮ ಕೆಲಸವನ್ನು ತಪಾಸಣೆ ಮಾಡುತ್ತಿದ್ದವರು ತ್ಸುಗೆ-ಸಾನ್. ಪ್ರತಿ ಹಾಡಿಗೂ ಒಂದು ಚೀಟಿ ಅಂಟಿಸಿ, ಸೀಸದಕಡ್ಡಿಯಲ್ಲಿ ತೀರ್ಪು ಬರೆಯುತ್ತಿದ್ದರು. ನನ್ನ ಮೊದಲ ಹಾಡಿನ ಚೀಟಿಯಲ್ಲಿ, ಸ್ನೇರ್ ತೊಟ್ಟಿಕ್ಕುವ ನಲ್ಲಿಯಂತಿದೆ ಎಂದಿತ್ತು. ಎರಡನೆಯದರಲ್ಲಿ ಎರಡೇ ಪದ: ಮೂರನೇ ಕೈ.

ಅರ್ಥವಾಗದೆ ಆ ಚೀಟಿಯನ್ನು ಪಕ್ಕದ ಮೇಜಿನ ಒಗಿಸೊ-ಸಾನ್ ಬಳಿಗೆ ಒಯ್ದೆ. ಅವರು ಸಕಾಯೆ ಬಡಾವಣೆಯ ಕ್ಯಾಬರೆಯೊಂದರಲ್ಲಿ ಇಪ್ಪತ್ತು ವರ್ಷ ಡ್ರಮ್ ಬಾರಿಸಿದವರು. ಒಂದು ಸಂಜೆ ಕೆಲಸಕ್ಕೆ ಹೋದರೆ ವಾದ್ಯದವರ ಕಟ್ಟೆಯ ಮೇಲೆ ಕರೋಕೆ ಪೆಟ್ಟಿಗೆ ಕೂತಿತ್ತಂತೆ. ಈಗ ಆ ಪೆಟ್ಟಿಗೆಗೇ ಡ್ರಮ್ ಬರೆದು ಸಂಬಳ ತೆಗೆದುಕೊಳ್ಳುತ್ತಿದ್ದರು. ಹೊಟ್ಟೆ ಮೇಲೆ ಹೊಡೆದವನ ಮನೆಯಲ್ಲೇ ಊಟ, ರುಚಿ ಪರವಾಗಿಲ್ಲ ಎನ್ನುತ್ತಿದ್ದರು.

ಅವರು ಚೀಟಿ ನೋಡಿದರು. ಕೆಳಗಿನ ಅಂಗಡಿಯಿಂದ ಅಡುಗೆಯ ಉದ್ದನೆಯ ಕಡ್ಡಿಗಳನ್ನು ತಂದರು. ಕೂರುವ ಚೌಕ ದಿಂಬುಗಳನ್ನು ಡ್ರಮ್‌ಗಳ ಜಾಗದಲ್ಲಿ ಹರಡಿದರು: ಎಡಕ್ಕೆ ಜೋಡಿತಾಳ, ನಡುವೆ ಸ್ನೇರ್, ತೀರ ಬಲಕ್ಕೆ ಮೂರು ಕಾಲಿನ ಮೇಲೆ ನಿಲ್ಲುವ ನೆಲದ ಡ್ರಮ್. ನಾನು ಬರೆದದ್ದನ್ನು ನಾನೇ ಬಾರಿಸಿ ತೋರಿಸಬೇಕೆಂದರು. ಮೂರು ಸಾಲು ಹೇಗೋ ಸಾಗಿತು. ನಾಲ್ಕನೆಯದರಲ್ಲಿ ಒಂದೇ ಕ್ಷಣಕ್ಕೆ ಮೂರು ದಿಂಬು ಕರೆದವು.

"ಈ ಮೂರನೇ ಕೈ ಯಾರ್ದು ಕುವಬಾರಾ-ಸಾನ್? ನಿಮ್ಮ ಅತ್ತೇದಾ?"

"ನಂಗಿನ್ನೂ ಮದ್ವೆ ಆಗಿಲ್ಲ."

"ಹಾಗಾದ್ರೆ ಕನ್ನೊನ್ ದೇವೀದೇ. ಅವಳಿಗೆ ಸಾವಿರ ಇದ್ಯಂತೆ. ಗುಡಿ ಪಕ್ಕದಲ್ಲೇ ಇದೆ, ಕೊಟ್ಟು ಬನ್ನಿ."

ಮುಂದಿನ ಎರಡು ವಾರ ತಮ್ಮ ಊಟದ ಬಿಡುವನ್ನೆಲ್ಲ ಅವರು ನನ್ನ ಮೇಜಿನ ಬಳಿ ಕಳೆದರು. ಯಾರೂ ಅವರಿಗೆ ಹೇಳಿರಲಿಲ್ಲ. ತೆರೆದ ಜೋಡಿತಾಳ ಮೊಳಗುತ್ತಿರುವಾಗ ಮುಚ್ಚಿದ್ದನ್ನು ಬಾರಿಸಿದರೆ ಮೊದಲಿನದರ ಬಾಯಿ ಮುಚ್ಚಬೇಕು. ಯಂತ್ರಕ್ಕೆ ಅವೆರಡೂ ಒಂದೇ ವಸ್ತುವೆಂದು ಗೊತ್ತಿಲ್ಲ, ನಾವು ಗಂಟು ಹಾಕಬೇಕು. ಎಡಗೈಯ ಏಟಿನ ಜೋರನ್ನು ಬಲಗೈಯದಕ್ಕಿಂತ ಹತ್ತು ಅಂಶ ಇಳಿಸಬೇಕು. ದಣಿವು ಶುರುವಾಗುವ ಕಡೆ ಇನ್ನೆರಡು. "ಮೊದ್ಲು ಮನುಷ್ಯನ್ನ ಕೂರ್ಸಿ," ಎನ್ನುತ್ತಿದ್ದರು, "ಆಮೇಲೆ ಅವನ ಮುಂದೆ ಡ್ರಮ್ ಇಡಿ." ಸಂಗೀತ ಶಾಲೆಯಲ್ಲಿ ನಾಲ್ಕು ವರ್ಷ ಯಾರೂ ನನಗೆ ಇಷ್ಟು ಉಪಯೋಗದ ಮಾತು ಹೇಳಿರಲಿಲ್ಲ.

ಮೂರನೆಯ ಹಾಡನ್ನು ತ್ಸುಗೆ-ಸಾನ್ ಆರಿಸಿಕೊಟ್ಟರು. ಅರವತ್ತೇಳನೇ ಇಸವಿಯ ಒಂದು ಬಂದರಿನ ಹಾಡು, ರೆಕಾರ್ಡಿನ ಹಿಂಬದಿಯದು. ಎಲ್ಲವೂ ಸಲೀಸಾಗಿತ್ತು, ಎರಡನೇ ಚರಣದವರೆಗೆ. ಅಲ್ಲಿ ಹಾಡುವವಳು ಹಡಗು ಹೊರಟಿತು ಎನ್ನುತ್ತಾಳೆ, ಅದರ ಅಡಿಯಲ್ಲಿ ನೆಲದ ಡ್ರಮ್ ಒಮ್ಮೆ ದುಮ್ ಎನ್ನುತ್ತದೆ. ಜೋಡಿತಾಳ ಮಾತ್ರ ಒಂದು ಏಟನ್ನೂ ಬಿಡದೆ ಓಡುತ್ತಲೇ ಇರುತ್ತದೆ. ನಲವತ್ತು ಸಲ ಕೇಳಿದೆ. ದಿಂಬು ಹರಡಿಕೊಂಡು ಕೂತೆ. ಸಾಮಾನ್ಯವಾಗಿ ಡ್ರಮ್ಮಿನವನ ಬಲಗೈ ಎಡಗೈಯನ್ನು ದಾಟಿಹೋಗಿ ಜೋಡಿತಾಳ ಬಾರಿಸುತ್ತದೆ, ಎಡಗೈ ಅದರಡಿಯಲ್ಲಿ ಸ್ನೇರ್ ಮೇಲೆ ಸಿಕ್ಕಿಕೊಂಡಿರುತ್ತದೆ. ತೀರ ಬಲಕ್ಕಿರುವ ನೆಲದ ಡ್ರಮ್ಮಿಗೆ ಹೋಗಲು ಕೈಯೇ ಉಳಿಯುವುದಿಲ್ಲ. ಕನ್ನೊನ್ ದೇವಿ ರೆಕಾರ್ಡಿನೊಳಗೇ ಬಂದು ಕೂತಿದ್ದಳು.

ಉಪಾಯ ಸುಲಭವಿತ್ತು. ಜೋಡಿತಾಳದ ಒಂದು ಏಟು ಅಳಿಸಿದರೆ ಸಾಕು. ಹಾಡಲು ಬರುವ ಯಾವ ಗುಮಾಸ್ತನಿಗೂ ಗೊತ್ತಾಗದು, ತ್ಸುಗೆ-ಸಾನ್ ತಲೆಯಾಡಿಸುತ್ತಾರೆ, ತಾಜಿಮಿಯ ಕುರ್ಚಿ ಬೇರೆಯವರ ಪಾಲಾಗುತ್ತದೆ. ಅಳಿಸಿದೆ. ಕೇಳಿದೆ. ಹಡಗು ಹೊರಡಲೇ ಇಲ್ಲ, ದಡಕ್ಕೆ ತಗಲಿ ನಿಂತಿತು.

ಏಟನ್ನು ಮತ್ತೆ ಹಾಕಿದೆ. ಮೊದಲು ಮನುಷ್ಯನನ್ನು ಕೂರಿಸಬೇಕಲ್ಲ, ಅದಕ್ಕೆ ಕಡ್ಡಿಗಳ ಕೈ ಬದಲಿಸಿದೆ: ಎಡಗೈ ಎಡಕ್ಕಿರುವ ಜೋಡಿತಾಳಕ್ಕೆ, ಬಲಗೈ ಸ್ನೇರ್‌ಗೆ. ಅಡ್ಡ ಹಾಯುವ ರಗಳೆಯೇ ಇಲ್ಲ. ಚರಣ ಬಂದಾಗ ಬಲಗೈ ತಾನಾಗಿ ಬಲಕ್ಕೆ ಹೋಗಿ ದುಮ್ ಎಂದು ಬಂತು. ಹಾಗಾದರೆ ಈತ ಎಡಚ. ಇನ್ನೊಬ್ಬರಿಗೆಂದು ಜೋಡಿಸಿಟ್ಟ ಡ್ರಮ್‌ಗಳ ಮುಂದೆ ಕೂತು, ಏನನ್ನೂ ಸರಿಸದೆ ತನ್ನ ದಾರಿ ತಾನು ಕಂಡುಕೊಂಡವನು. ಆ ವಾರವೆಲ್ಲ ಪ್ರತಿ ಡ್ರಮ್ಮಿನ ಬಲಾಬಲವನ್ನೂ ಅವನ ಕೈಗೆ ತಕ್ಕಂತೆ ಹೊಸದಾಗಿ ಹೊಂದಿಸಿದೆ.

ತಪಾಸಣೆಯ ದಿನ ತ್ಸುಗೆ-ಸಾನ್ ಎರಡನೇ ಚರಣದವರೆಗೂ ಕೇಳಿ ಸೀಸದಕಡ್ಡಿ ಎತ್ತಿಕೊಂಡರು.

"ಮತ್ತೆ ಅದೇ ಮೂರನೇ ಕೈ ಬಂತಲ್ರೀ. ಇಷ್ಟು ಹೇಳಿದ್ಮೇಲೂ."

ದಿಂಬು ತಂದು ಹಾಕಿ, ಲಂಗ ಒತ್ತಿಕೊಂಡು ನೆಲದ ಮೇಲೆ ಕೂತು ಬಾರಿಸಿದೆ. ಅವರು ನನ್ನ ಎಡಗೈಯನ್ನೇ ನೋಡಿದರು. ಇನ್ನೊಮ್ಮೆ ಎಂದರು. ಇನ್ನೊಮ್ಮೆ ಬಾರಿಸಿದೆ.

"ಎಡಚ ಅಂತ ನಿಮಗೆ ಯಾರು ಹೇಳಿದ್ರು? ರೆಕಾರ್ಡಿನ ಮೇಲೆ ಡ್ರಮ್ಮಿನವನ ಹೆಸ್ರೇ ಇಲ್ಲ."

"ಯಾರೂ ಹೇಳಿಲ್ಲ. ಬೇರೆ ಥರ ಬಾರಿಸೋಕೇ ಆಗಲ್ಲ."

"ಹಿರೋಕಾನೆ," ಎಂದಿತು ಪಕ್ಕದ ಮೇಜು.

ಒಗಿಸೊ-ಸಾನ್ ಇನ್ನೂ ನಮ್ಮ ಕಡೆ ತಿರುಗಿರಲಿಲ್ಲ. ತಿರುಗದೆಯೇ ಹೇಳಿದರು. ಹಿರೋಕಾನೆ ಮತ್ತು ಅವರು ಒಂದೇ ಕ್ಯಾಬರೆಯಲ್ಲಿ ದಿನ ಬಿಟ್ಟು ದಿನ ಒಂದೇ ಡ್ರಮ್ ಹಂಚಿಕೊಂಡವರು. ಚಿಕ್ಕಂದಿನಲ್ಲಿ ಹಿರೋಕಾನೆ ಎಡಗೈ ಬಳಸಿದರೆ ತಾಯಿ ಆ ಕೈಯನ್ನು ಕಿಮೊನೊ ದಾರದಿಂದ ಸೊಂಟಕ್ಕೆ ಕಟ್ಟುತ್ತಿದ್ದಳಂತೆ. ಊಟ ಬಲಗೈಗೆ ಬಂತು, ಬರಹವೂ ಬಂತು. ಡ್ರಮ್ ಬಾರಿಸುವುದೊಂದನ್ನು ತಿದ್ದಲು ಯಾರಿಗೂ ತೋಚಲಿಲ್ಲ. ತೀರಿಕೊಂಡು ಹನ್ನೊಂದು ವರ್ಷ. ಆ ರೆಕಾರ್ಡಿನ ಹೊದಿಕೆಯ ಮೇಲೆ ಗಾಯಕಿಗೆ ಕಿಮೊನೊ ಕೊಟ್ಟ ಅಂಗಡಿಯ ಹೆಸರೂ ಇದೆ, ಅವನದಿಲ್ಲ.

ಆಮೇಲೆ ಎದ್ದು ಬಂದು ನನ್ನ ಮುಂದೆ ಸೊಂಟ ಮುರಿಯುವಷ್ಟು ಬಾಗಿದರು.

"ಅವನ ಕೈ ಮತ್ತೆ ಕೇಳಿಸಿದ್ರಿ. ದೊಡ್ಡ ಉಪಕಾರ ಆಯ್ತು."

ಉಪಕಾರ ಪಡೆದವಳು ನಾನು. ಅದನ್ನು ಹೇಳಲು ಕೂತಲ್ಲೇ ಹಣೆ ನೆಲಕ್ಕೆ ಮುಟ್ಟುವಂತೆ ಬಾಗಿದೆ. ನಾನು ಬಾಗಿದ್ದಕ್ಕೆ ಅವರು ಇನ್ನೂ ಕೆಳಗೆ ಬಾಗಿದರು, ಅದಕ್ಕೆ ನಾನು ಮತ್ತೆ. ನಮ್ಮೂರಿನಲ್ಲಿ ಇದಕ್ಕೆ ಕೊನೆ ಎಂಬುದಿಲ್ಲ. ತ್ಸುಗೆ-ಸಾನ್ ಸ್ವಲ್ಪ ಹೊತ್ತು ಕಾದು, ನಮ್ಮಿಬ್ಬರನ್ನೂ ಹಾಗೇ ಬಿಟ್ಟು, ಚೀಟಿ ಬರೆದು ಅಂಟಿಸಿ ಊಟಕ್ಕೆ ಹೋದರು.

ನಾನು ಅಲ್ಲೇ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದೆ. ಅಷ್ಟರಲ್ಲಿ ಪೆಟ್ಟಿಗೆ ಆರು ಸಲ ಬದಲಾಯಿತು. ಬದಲಾದಾಗಲೆಲ್ಲ ಹೊಸಬರು ಹಳೆಯ ಹಾಡುಗಳನ್ನು ತೆಗೆದು, ಡ್ರಮ್ಮಿನ ದನಿಗಳನ್ನು ಮೊದಲಿನಿಂದ ಹೊಂದಿಸಿ, ತಪ್ಪು ಕಂಡಲ್ಲಿ ಸರಿಮಾಡುತ್ತಾರೆ. ಬಂದರಿನ ಹಾಡಿನ ಎರಡನೇ ಚರಣದ ಮೇಲೆ ಪ್ರತಿ ಸಲವೂ ಯಾರದೋ ಕೈ ನಿಂತಿದೆ, ಪ್ರತಿ ಸಲವೂ ಹಿಂದೆ ಸರಿದಿದೆ. ತ್ಸುಗೆ-ಸಾನ್ ಅಂದು ಬರೆದ ಚೀಟಿಯನ್ನು ಅಕ್ಷರ ಬಿಡದೆ ಕಂಪ್ಯೂಟರಿಗೆ ಹತ್ತಿಸಿದ್ದಾರೆ, ಹಾಡು ಹೋದಲ್ಲಿಗೆ ಅದೂ ಹೋಗುತ್ತದೆ:

ಬಾರಿಸಿದವರು ಹಿರೋಕಾನೆ. ಎಡಗೈ. ತಿದ್ದಕೂಡದು.