ನೆಲದ ಮೇಲೆ ಕುಳಿತ ಆಮದಾರ

ಈ ಕಥೆ ನಿಲಂಗಾ ಮತ್ತು ಉದಗೀರಗಳ ಸುತ್ತಿನ ಸೀಮೆಯಲ್ಲಿ ಮೂರು ಬಗೆಯಾಗಿ ನಡೆದುಬಂದಿದೆ. ವಲಾಂಡಿಯ ಕಡೆಯವರು ಇದನ್ನು ಕುರುಬರ ದೇವರಾದ ಬೀರಪ್ಪನ ಮಹಿಮೆಯೆಂದು ಹೇಳುತ್ತಾರೆ. ತುರೋರಿಯ ಹೆದ್ದಾರಿ ಅಂಗಡಿಗಳಲ್ಲಿ ಇದು ಬೀಗರ ಜಗಳದ ಕಥೆ. ನಿಲಂಗಾದ ಕೋರ್ಟಿನ ಮುಂದೆ ಅರ್ಜಿ ಬರೆಯುವವರ ಬಾಯಲ್ಲಿ ದೇವರಿಗೂ ಬೀಗರಿಗೂ ಹೆಚ್ಚಿನ ಸ್ಥಾನವಿಲ್ಲ, ಜಮೀನಿನ ತಕರಾರಷ್ಟೇ ಉಳಿದಿದೆ. ಮೂವರೂ ಒಪ್ಪುವ ಸಂಗತಿ ಇದು: ರೇವಣಪ್ಪನೆಂಬ ಆಮದಾರ, ಅಂದರೆ ಶಾಸಕ, ಹೈದರಾಬಾದಿನ ವಿಧಾನಸಭೆಯಲ್ಲಿ ಒಂದು ದಿನ ಬಿಟ್ಟರೆ ನಾಲ್ಕೂವರೆ ವರ್ಷ ಕುರ್ಚಿಯ ಮೇಲೆ ಕೂರಲಿಲ್ಲ.

ರೇವಣಪ್ಪ ಲಿಂಗ ಕಟ್ಟಿದ ಒಕ್ಕಲು ಮನೆತನದವನು. ಎರಡು ಬಾವಿ, ಕರಿ ಭೂಮಿ, ಗಟ್ಟಿ ಗಂಟಲು ಇವನ ಬಂಡವಾಳ. ಮೊದಲ ಚುನಾವಣೆ ಬಂದಾಗ ಊರಿನ ಕುರುಬರ ಮತವಿಲ್ಲದೆ ಗೆಲ್ಲಲಾಗದೆಂಬುದು ಅವನಿಗೆ ತಿಳಿದಿತ್ತು. ಆ ಮತಗಳೆಲ್ಲ ಗುಂಡಮ್ಮನ ಕೈಯಲ್ಲಿದ್ದವು. ಗಂಡ ತೀರಿದ ಮೇಲೆ ಊರಿನ ಅತಿ ದೊಡ್ಡ ಹಿಂಡನ್ನು ನಡೆಸುತ್ತಿದ್ದ ಆ ಮುದುಕಿಗೆ ಸರ್ಕಾರದಿಂದ ಬೇಕಾದದ್ದು ಒಂದೇ. ಹಳ್ಳದ ದಂಡೆಯಲ್ಲಿ ಒಂಬತ್ತು ಎಕರೆ ಗಾಯರಾನವಿತ್ತು. ಊರಿನ ಕುರಿ ಮೇಯಲು ಹಿಂದಿನವರು ಬಿಟ್ಟ ಹುಲ್ಲುಗಾವಲು. ಪೊಲೀಸ್ ಕಾರ್ಯಾಚರಣೆಯ ವರ್ಷ, ಹಳೆಯ ಸರ್ಕಾರ ಹೋಗಿ ಹೊಸದು ಕಣ್ಣು ತೆರೆಯುವಷ್ಟರಲ್ಲಿ ಅದನ್ನು ಒಬ್ಬರು ಉತ್ತು ಬಿತ್ತಿಕೊಂಡಿದ್ದರು. ಅಂದಿನಿಂದ ಹಿಂಡಿಗೆ ಹಳ್ಳದ ನೀರಿನ ದಾರಿಯೇ ಕಟ್ಟಾಗಿತ್ತು. ನೀರಿಗಾಗಿ ಎರಡು ಹರದಾರಿ ನಡೆದು ಮರಿಗಳು ದಾರಿಯಲ್ಲೇ ಸಾಯುತ್ತಿದ್ದವು.

ಉತ್ತವನು ಮಾಣಿಕಪ್ಪ. ರೇವಣಪ್ಪನ ಹೆಂಡತಿ ರಂಭಾಬಾಯಿಯ ಒಡಹುಟ್ಟಿದ ಅಣ್ಣ.

ರೇವಣಪ್ಪ ಮತ ಕೇಳಲು ಬೀರಪ್ಪನ ಗುಡಿಗೆ ಬಂದಾಗ ಗುಂಡಮ್ಮ ಅರಿಶಿನದ ಭಂಡಾರದ ತಟ್ಟೆಯನ್ನು ಅವನ ಮುಂದೆ ಇಟ್ಟಳು.

"ಗಾಯರಾನ ಬಿಡಸ್ತೀನಿ ಅಂತ ಭಂಡಾರ ಎತ್ರಿ ಸಾವಕಾರ್ರ."

"ಎತ್ತೀನಿ ತಗೋ ಯವ್ವಾ."

"ಬರೇ ಮಾತ ಬ್ಯಾಡ. ಬಿಡಸೂತನಕಾ ಏನ್ ಬಿಡ್ತೀರಿ, ಅದ ಹೇಳ್ರಿ. ನಮ್ಮವ್ರು ಆಣಿ ಮಾಡಿದ್ರ ಉಣ್ಣೂದರೆ ಬಿಡ್ತಾರ, ಕಾಲಾಗಿನ ಕೆರಾ ಅರೆ ಬಿಡ್ತಾರ."

ಆ ಸೀಮೆಯ ಕ್ರಮವೇ ಅದು. ಭಂಡಾರ ಎತ್ತಿದವನು ಮಾತು ನಡೆಸುವವರೆಗೆ ತನಗೆ ಬೇಕಾದ ಒಂದನ್ನು ತೊರೆಯಬೇಕು. ರೇವಣಪ್ಪ ಆಲೋಚಿಸಿದ. ಊಟ ಬಿಡುವಂತಿರಲಿಲ್ಲ, ತಂಬಾಕು ಅದಕ್ಕಿಂತ ಕಷ್ಟ. ತನಗೆ ಎಂದೂ ಬೇಕಾಗದ್ದನ್ನು ಬಿಟ್ಟರೆ ಹೇಗೆಂದು ಅವನಿಗೆ ಹೊಳೆಯಿತು. ಇಡೀ ಊರಿನಲ್ಲಿ ಕುರ್ಚಿ ಎಂಬುದೇ ಇರಲಿಲ್ಲ. ಜನ ಕಂಬಳಿಯ ಮೇಲೆ ಕೂರುತ್ತಿದ್ದರು, ಕಟ್ಟೆಯ ಮೇಲೆ ಕೂರುತ್ತಿದ್ದರು.

"ಗಾಯರಾನದಾಗ ಕುರಿ ನೀರ ಕುಡಿಯೂತನಕಾ ಕುರ್ಚಿ ಮ್ಯಾಲ ಕೂಡಂಗಿಲ್ಲ," ಎಂದು ಭಂಡಾರ ಎತ್ತಿದ.

ಆಮದಾರನ ಉದ್ಯೋಗವೆಲ್ಲ ಕುರ್ಚಿಯ ಮೇಲೆಯೇ ನಡೆಯುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಗೆದ್ದ ಎಂಟೇ ದಿನಕ್ಕೆ ಕುರ್ಚಿಗಳು ಮೈಮೇಲೆ ಬಿದ್ದವು. ನಿಲಂಗಾದ ಸನ್ಮಾನದಲ್ಲಿ ಹಾರ ಹಾಕಿಸಿಕೊಂಡು ಎರಡು ಗಂಟೆ ನಿಂತ. ಜನ ಅದನ್ನು ವಿನಯವೆಂದು ತಿಳಿದರು. ಊರಿಗೆ ಮರಳಿದವನು ನೇರವಾಗಿ ಗುಂಡಮ್ಮನ ದೊಡ್ಡಿಗೆ ಹೋದ.

"ಯವ್ವಾ, ಕುರ್ಚಿ ಅಂದ್ರ ಯಾವ ಯಾವುದು?"

"ನಾಕ ಕಾಲು ಇರ್ಬೇಕು, ಬೆನ್ನಿಗಿ ಹಲಗಿ ಇರ್ಬೇಕು."

"ಮೋಟಾರಿಂದು?"

"ಕಾಲು ಅದಾವನು?"

"ಇಲ್ಲ. ತಗಡಿಗಿ ಬಡದಾರ."

"ಹಂಗಾರ ಕೂಡ್ರಿ."

"ಹೈದರಾಬಾದ ಸಭಾದಾಗಿಂದು?"

"ಅದಕ್ಕ ಕಾಲು?"

ರೇವಣಪ್ಪ ಸುಳ್ಳು ಹೇಳಬಹುದಿತ್ತು, ಆದರೆ ಅವನ ಎದುರಿಗೆ ಗುಡಿಯಿತ್ತು. "ನಾಕೂ ಅದಾವ ಅಂತಾರವ್ವಾ," ಎಂದು ನಿಟ್ಟುಸಿರಿಟ್ಟ.

"ನಿಮ್ಮ ನಶೀಬ," ಎಂದ ಗುಂಡಮ್ಮ ಭಂಡಾರದ ಒಂದು ಪೊಟ್ಟಣವನ್ನು ಅವನ ಕೋಟಿನ ಕಿಸೆಗೆ ಹಾಕಿ ಕಳಿಸಿದಳು.

ಹೈದರಾಬಾದಿನಲ್ಲಿ ಯಾರು ನೋಡುತ್ತಾರೆಂದು ಅವನು ಮೊದಲ ದಿನ ಕೂತೇಬಿಟ್ಟ. ಎದ್ದು ನೋಡಿದರೆ ಮೆತ್ತೆಯೆಲ್ಲ ಹಳದಿ. ವಲಾಂಡಿಯವರ ಪ್ರಕಾರ ಇದು ಬೀರಪ್ಪನ ಸಾಕ್ಷಾತ್ ಎಚ್ಚರಿಕೆ. ಕಿಸೆಯ ಪೊಟ್ಟಣ ಒಡೆದಿತ್ತೆಂದು ತುರೋರಿಯವರು ಹೇಳುತ್ತಾರೆ. ರೇವಣಪ್ಪ ಈ ಭಿನ್ನಾಭಿಪ್ರಾಯವನ್ನು ಪರಿಶೀಲಿಸುತ್ತ ನಿಲ್ಲಲಿಲ್ಲ. ಧೋತರ ಕೊಡವಿಕೊಂಡು ಹಿಂದಿನ ಗೋಡೆಗೆ ಸರಿದು ನಿಂತ.

ಸಭೆಯಲ್ಲಿ ಎದ್ದು ನಿಂತವನು ಮಾತನಾಡಬಯಸುತ್ತಾನೆಂಬುದು ನಿಯಮ. ಆ ದಿನ ಪೀಠದಲ್ಲಿದ್ದವರು, ಹೊಸ ಸದಸ್ಯರು ಏನು ಹೇಳಬಯಸುತ್ತಾರೆಂದು ಕೇಳಿದರು.

"ಏನಿಲ್ರಿ."

"ಹಾಗಾದರೆ ಕುಳಿತುಕೊಳ್ಳಿ."

"ಅದಽ ಆಗಂಗಿಲ್ರಿ."

ಏಕೆಂದು ಹೇಳಬೇಕಾದರೆ ಆಣೆ ಹೇಳಬೇಕು. ಆಣೆ ಹೇಳಿದರೆ ಗಾಯರಾನ ಯಾರ ಕೈಯಲ್ಲಿದೆಯೆಂದು ಹೇಳಬೇಕು. ಅದನ್ನು ಹೇಳಿದರೆ ರಂಭಾಬಾಯಿಯ ಕೈ ರೊಟ್ಟಿಯ ಆಸೆ ಬಿಡಬೇಕು. ರೇವಣಪ್ಪ ಕಡೆಯ ಸಾಲಿನ ಹಿಂದೆ ಕಂಬಳಿ ಹಾಸಿ ನೆಲದ ಮೇಲೆ ಕುಳಿತುಬಿಟ್ಟ. ಅಲ್ಲಿಂದ ಅವನು ಯಾರಿಗೂ ಕಾಣುತ್ತಿರಲಿಲ್ಲ. ಕೈ ಎತ್ತಿ ಮತ ಹಾಕುವ ಹೊತ್ತಿನಲ್ಲಿ ಕುರ್ಚಿಗಳ ಹಿಂದಿನಿಂದ ಒಂದು ಕೈ ಮಾತ್ರ ಮೇಲೇಳುತ್ತಿತ್ತು. ಎಣಿಸುವವರು ಅದಕ್ಕೆ ಹೊಂದಿಕೊಂಡರು. ಭತ್ಯೆ ಸರಿಯಾಗಿ ಬರುತ್ತಿತ್ತು. ನೆಲದ ಮೇಲೆ ಮಲಗಲೂ ಬರುತ್ತದೆಂದು ಕಂಡುಕೊಂಡ ಮೇಲೆ ಅವನಿಗೆ ಗಾಯರಾನದ ನೆನಪು ವರ್ಷಕ್ಕೊಮ್ಮೆ ಆಗುತ್ತಿತ್ತು, ಅದೂ ಗುಂಡಮ್ಮ ಎದುರಾದರೆ.

ಹೀಗೆ ನಾಲ್ಕು ವರ್ಷ ಕಳೆಯಿತು. ಗುಂಡಮ್ಮನ ನೂರಿಪ್ಪತ್ತು ಕುರಿ ನಲವತ್ಮೂರಕ್ಕೆ ಇಳಿದವು. ಅಷ್ಟರಲ್ಲಿ ಹೈದರಾಬಾದ ರಾಜ್ಯವನ್ನೇ ಒಡೆಯುವ ಸುದ್ದಿ ಬಂತು. ನವೆಂಬರ್ ಒಂದರಿಂದ ಈ ಸೀಮೆ ಮುಂಬಯಿಗೆ ಸೇರುವುದು, ಹೈದರಾಬಾದಿನ ಸಭೆ ಇಲ್ಲವಾಗುವುದು.

"ಸಭಾನೇ ಹೋಗ್ತದಂತ ಯವ್ವಾ. ಆಣೀನೂ ಹೋದಂಗಲ್ಲೇನು?" ಎಂದು ರೇವಣಪ್ಪ ಆಸೆಯಿಂದ ಕೇಳಿದ.

"ಸಭಾ ನಿಮ್ಮದು ಹೋಗ್ತದ. ಬೀರಪ್ಪ ಎಲ್ಲಿ ಹೋಗ್ತಾನ? ಮುಂಬಯಿದಾಗೂ ನೆಲದ ಮ್ಯಾಲೇ ಕೂಡ್ರಿ," ಎಂದಳು ಗುಂಡಮ್ಮ. ಆಮೇಲೆ ದನಿ ತಗ್ಗಿಸಿ, "ಈ ಬ್ಯಾಸಿಗ್ಯಾಗ ಹನ್ನೊಂದು ಮರಿ ಮಣ್ಣ ಮಾಡೀನಿ, ರೇವಣಪ್ಪಾ. ಮುಂದಿನ ಬ್ಯಾಸಿಗಿಗಿ ಮಣ್ಣ ಮಾಡ್ಲಾಕ ಏನೂ ಉಳಿಯಂಗಿಲ್ಲ," ಎಂದಳು.

ಸಾವಕಾರ್ರ ಎಂಬ ಮಾತು ಬಿಟ್ಟು ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಮುಂದಿನ ಅಧಿವೇಶನದಲ್ಲಿ ರೇವಣಪ್ಪ ಎರಡೂ ಮೊಣಕಾಲಿಗೆ ಕೈ ಕೊಟ್ಟು ಎದ್ದು ನಿಂತ. ಆ ಸದಸ್ಯನ ಕೈಯನ್ನಷ್ಟೇ ಬಲ್ಲವರು ಮುಖವನ್ನು ತಿರುಗಿ ನೋಡಿದರು. ಅವನು ಕನ್ನಡದಲ್ಲಿ ಆಣೆಯನ್ನು ಹೇಳಿದ, ಒಂಬತ್ತು ಎಕರೆಯನ್ನು ಹೇಳಿದ, ಹನ್ನೊಂದು ಮರಿಗಳನ್ನು ಹೇಳಿದ. ಯಾರ ವಶದಲ್ಲಿದೆಯೆಂದು ಪ್ರಶ್ನೆ ಬಂತು.

"ಮಾಣಿಕಪ್ಪಂದ್ರಿ. ನನ್ನ ಹೇಣ್ತಿ ಅಣ್ಣ ಆಗ್ತಾನ್ರಿ."

ಸಭೆ ನಕ್ಕಿತು, ಆದರೆ ಗಾಯರಾನ ಬಿಡಿಸುವ ಹುಕುಂ ಹೊರಟಿತು.

ಅದು ಊರು ಮುಟ್ಟಿದ್ದು ಅಕ್ಟೋಬರ್ ಮೂವತ್ತರಂದು. ತಂದವನು ಕಂದಾಯ ಖಾತೆಯ ಗಿರದಾವರ ಅಂಬಾದಾಸ, ಅಳತೆಯ ಸರಪಳಿ ಮತ್ತು ಮಡಚುವ ಒಂದು ಕುರ್ಚಿಯೊಂದಿಗೆ. ಊರೆಲ್ಲ ಹಳ್ಳದ ದಂಡೆಗೆ ಬಂತು. ಗಾಯರಾನದಲ್ಲಿ ಮಾಣಿಕಪ್ಪನ ಹಿಂಗಾರು ಜೋಳ ಮೊಣಕಾಲೆತ್ತರ ನಿಂತಿತ್ತು.

"ಬೆಳಿ ಪಿಕ ಏನೂ ಇರಬಾರದು, ಕುರಿ ಇರಬೇಕು. ಅದನ್ನ ನಾ ಕಣ್ಣಿಲೆ ನೋಡಿ ಬರೀಬೇಕ್ರಿ," ಎಂದ ಅಂಬಾದಾಸ. "ನಾಳಿ ಸಂಜಿತನಕಾ ಈ ಕಾಗದಕ್ಕ ಸರ್ಕಾರ ಅದ. ನಾಡದ ಇದು ಯಾವ ಸರ್ಕಾರದ್ದು ಅಂಬೂದು ನನಗೂ ಗೊತ್ತಿಲ್ಲ."

ಮಾಣಿಕಪ್ಪ ಬದುವಿನ ಮೇಲೆ ನಿಂತು ಎಲೆಯಡಿಕೆ ಮೆಲ್ಲುತ್ತಿದ್ದ. "ಯಾ ಜಾವಯಿಬಾಪು, ಯಾ," ಎಂದು ಮನೆಯ ಅಳಿಯನನ್ನು ಮರಾಠಿಯಲ್ಲಿ ಸ್ವಾಗತಿಸಿದ. "ಕುರಿ ಹೊಡೀರಿ ಒಳಗ. ನಾ ಏನ್ ಬ್ಯಾಡ ಅಂದೀನಾ?"

ಗುಂಡಮ್ಮ ಹಿಂಡನ್ನು ಹಿಂದಕ್ಕೆ ತರುಬಿದಳು. ಎಳೆಯ ಜೋಳ ಕುರಿಗೆ ವಿಷ. ಹೊಟ್ಟೆಗೆ ನಾಲ್ಕು ತುತ್ತು ಬಿದ್ದರೆ ನಿಂತಲ್ಲೇ ಉರುಳುತ್ತವೆ. ಮಾಣಿಕಪ್ಪನಿಗೆ ಅದು ತಿಳಿದಿತ್ತು, ಅದಕ್ಕೇ ಅಷ್ಟು ಉದಾರಿಯಾಗಿದ್ದ.

ಉಳಿದ ದಾರಿ ಒಂದೇ, ಜೋಳದ ಮೇಲೆ ಕುಂಟೆ ಹೊಡೆಯುವುದು. ಮಾಣಿಕಪ್ಪನ ಎದುರು ಎತ್ತು ಕೊಡುವವರು ಊರಿನಲ್ಲಿ ಇರಲಿಲ್ಲ. ರೇವಣಪ್ಪ ಮನೆಗೆ ಓಡಿದ. ರಂಭಾಬಾಯಿ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದಳು.

"ನಮ್ಮಣ್ಣನ ಹೆಸರು ಆ ಮಂದಿ ಮುಂದ ಹೇಳೋವಾಗ ನನಗ ಕೇಳಿದ್ರೇನು?"

"ಇಲ್ಲ."

"ಈ ಎತ್ತು ಯಾರು ಕೊಟ್ಟಿದ್ದು?"

"ನಿಮ್ಮಣ್ಣ," ಎಂದ ರೇವಣಪ್ಪ ನೆಲ ನೋಡುತ್ತ.

"ಅವನ ಎತ್ತಿಲೆ ಅವನ ಬೆಳಿ ಹರಗತೀರಿ. ಹರಗ್ರಿ. ಅಂವಾ ಕುರಿ ನೀರು ಕಟ್ಟಿದ್ದು ಖರೇ ಅದ, ನಾನೂ ಹೇಳಿ ಹೇಳಿ ಸೋತೀನಿ. ಆದರ ಇವತ್ತಿಗಿ ನನ್ನ ತವರು ಮುಗೀತು. ನನ್ನ ತವರು ಹೋದ ಮ್ಯಾಲ ನಿಮ್ಮ ಸಭಾ ಯಾಕ ಇರಬೇಕು? ಇನ್ನ ಮ್ಯಾಲ ಇಲೆಕ್ಷನ್ನಿಗಿ ನಿಂದ್ರಂಗಿಲ್ಲ ಅಂತ ಭಂಡಾರ ಎತ್ರಿ. ಎತ್ತು ಬಿಚ್ಚತೀನಿ."

ಮುಂದಿನ ಚುನಾವಣೆಯಲ್ಲಿ ಮುಂಬಯಿಯ ಸಭೆಗೆ ನಿಲ್ಲಲು ಅವನ ಟಿಕೆಟ್ಟು ಆಗಲೇ ನಿಶ್ಚಯವಾಗಿತ್ತು. ಹೊಸ ಕೋಟು ಉದಗೀರದಲ್ಲಿ ಹೊಲಿಗೆಗೆ ಹೋಗಿತ್ತು. ಈ ಜಾಗದಲ್ಲಿ ರೇವಣಪ್ಪ ಎಷ್ಟು ಹೊತ್ತು ಯೋಚಿಸಿದನೆಂಬುದರ ಬಗ್ಗೆ ಹೇಳುವವರಲ್ಲಿ ಒಮ್ಮತವಿಲ್ಲ. ವಲಾಂಡಿಯಲ್ಲಿ ಕ್ಷಣಮಾತ್ರ, ನಿಲಂಗಾದಲ್ಲಿ ಎರಡು ಬಾರಿ ತಂಬಾಕು ತಿಕ್ಕುವಷ್ಟು. ಕೊನೆಗೆ ಅವನು ಕೇಳಿದ್ದು ಒಂದೇ ಮಾತು:

"ಪಂಚಾಯತಿಗೂ ಬ್ಯಾಡೇನು?"

"ಪಂಚಾಯತಿಗೂ ಬ್ಯಾಡ."

ಅವನ ಬೆನ್ನಿಗೇ ಬಂದಿದ್ದ ಗುಂಡಮ್ಮನ ತಟ್ಟೆಯಿಂದ ಅವನು ಎರಡನೆಯ ಸಲ ಭಂಡಾರ ಎತ್ತಿದ. ರಂಭಾಬಾಯಿ ಎತ್ತು ಬಿಚ್ಚಿ ಹಗ್ಗ ಅವನ ಕೈಗೆ ಕೊಟ್ಟಳು.

ಐದು ವರ್ಷ ಕುಂಟೆ ಮುಟ್ಟದ ಆಮದಾರ, ಮೇಲಕ್ಕೆ ಕಟ್ಟಿದ ಧೋತರದಲ್ಲಿ, ಎರಡು ಹಗಲು ಒಂಬತ್ತು ಎಕರೆಯನ್ನು ಹರಗಿದ. ಸಾಲು ನೇರ ಬರುತ್ತಿರಲಿಲ್ಲ. ಕುರುಬರ ಹೆಂಗಸರು ನಗುತ್ತಲೇ ಕುಂಟೆಯ ಹಿಂದೆ ಕಿತ್ತ ಸಸಿಗಳನ್ನು ಒಂದೂ ಬಿಡದೆ ಆರಿಸಿ ಬದುವಿನಾಚೆ ಎಸೆದರು. ಮಾಣಿಕಪ್ಪ ಮೊದಲ ದಿನ ಬೈದ, ಎರಡನೆಯ ದಿನ ಬೀಗಸ್ತನ ತೀರಿತೆಂದು ಸಾರಿ ಮನೆಗೆ ಹೋದ. ಮೂವತ್ತೊಂದರ ಸಂಜೆ ಹೊತ್ತು ಇಳಿಯುವ ಮೊದಲು ಕಡೆಯ ಸಾಲು ಮುಗಿಯಿತು. ನಲವತ್ಮೂರು ಕುರಿ ಗಾಯರಾನ ದಾಟಿ ಹಳ್ಳಕ್ಕೆ ಇಳಿದವು.

"ಇನ್ನ ಕೂಡಲೇನು ಯವ್ವಾ?"

"ತಡೀರಿ. ಬಾಯಿ ನೀರಿಗಿ ಮುಟ್ಟಲಿ," ಎಂದಳು ಗುಂಡಮ್ಮ. ಅವಳು ಕುರಿಗಳನ್ನು ನೋಡುತ್ತಿದ್ದಳು. ಮುಂದಿನ ಕುರಿ ನೀರಿಗೆ ಬಾಯಿ ಹಚ್ಚಿದ ಮೇಲೆ ಅವನ ಕಡೆ ತಿರುಗದೆಯೇ, "ಕೂಡು ನನ್ನಪ್ಪಾ," ಎಂದಳು.

ಅಲ್ಲಿ ಇದ್ದದ್ದು ಅಂಬಾದಾಸನ ಮಡಚುವ ಕುರ್ಚಿಯೊಂದೇ. ರೇವಣಪ್ಪ ಅಪ್ಪಣೆ ಕೇಳದೆ ಅದರಲ್ಲಿ ಕುಸಿದವನು ಎರಡು ಉಸಿರಿಗೆ ನಿದ್ದೆ ಹೋದ. ಗೊರಕೆ ಹಳ್ಳದಾಚೆಗೂ ಕೇಳಿತೆಂಬಲ್ಲಿ ಮೂರೂ ಕಡೆಯವರ ಒಪ್ಪಿಗೆಯಿದೆ. ಅಂಬಾದಾಸ ಸ್ವಲ್ಪ ಹೊತ್ತು ಕಾದು, ಹುಕುಮಿನ ಕಾಗದವನ್ನು ಎತ್ತಿನ ಬೆನ್ನ ಮೇಲಿಟ್ಟು, ಹೈದರಾಬಾದ ಸರ್ಕಾರದ ಹೆಸರಿನಲ್ಲಿ ಆ ಊರಿನ ಕಟ್ಟಕಡೆಯ ಸಹಿಯನ್ನು ನಿಂತುಕೊಂಡೇ ಹಾಕಿದ.

"ಏನ್ರೀ," ಎಂದು ರಂಭಾಬಾಯಿ ಬದುವಿನಿಂದ ಕೂಗಿದಳು. "ಏಳ್ರೀ. ಎತ್ತಿಗೂ ನೀರ ಕುಡಸೂದದ."