ಬೀಗಿತ್ತಿಯ ಗೆರೆ

ಸರಕು ತುಂಬಿದ ಹಡಗಿನ ಮೈಮೇಲಿನ ದುಂಡು ಗುರುತು, ಅದರ ನಡುವೆ ಹಾದ, ಇದಕ್ಕಿಂತ ಹೆಚ್ಚು ಮುಳುಗಕೂಡದೆಂಬ ಬಿಳಿ ಗೆರೆ, ನೀರಿನಿಂದ ಗೇಣುದ್ದ ಮೇಲಿದ್ದವು. ಬಂದರಿನ ತಪಾಸಣಾಧಿಕಾರಿ ಕಟ್ಟೆಯಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದಾಗ ಜೇಬಿನ ಫೋನು ಮತ್ತೆ ಬಡಿದುಕೊಂಡಿತು. ಹೆಂಡತಿ.

"ರೀ, ಬೀಗಿತ್ತಿ ಚೀಲ ತುಂಬ್ತಿದ್ದಾರೆ. ಮಗಳನ್ನೂ ಮಗುವನ್ನೂ ಈಗಲೇ ಕರ್ಕೊಂಡು ಹೋಗ್ತಾರಂತೆ. ನಿಮಗೆ ಹಡಗೇ ಹೆಚ್ಚಾದ್ರೆ ಅಲ್ಲೇ ಇರಿ!"

ಮಗಳು ತಿಂಗಳೊಪ್ಪತ್ತು ಇರಲೆಂದು ಬಂದಿದ್ದಳು. ಮೊಮ್ಮಗ ಬಂದ ಮೇಲೆ ಮನೆಯ ದಾರಿಯೇ ಗಿಡ್ಡವಾದಂತಿತ್ತು.

"ಸಾರ್, ಇದು ಪರದೇಶದವರು ತಾವೇ ಎಳ್ಕೊಂಡ ಗೆರೆ," ಎಂದ ಸರಕು ಏರಿಸುವ ಮೇಸ್ತ್ರಿ. "ನಾವೊಂದ್ಸಲ ಅಳೀಬೇಡ್ವಾ?"

"ಯಾಕಯ್ಯಾ? ಅವರ ನಿಯಮ ನಮ್ಮದಕ್ಕೆ ಸಮ ಅಂತ ಸರ್ಕಾರ ನೋಡಿ ಒಪ್ಪಿದೆ. ಒಪ್ಪಿದ ಮೇಲೆ ಅವರ ಗೆರೆ ನಮ್ಮದೇ ಗೆರೆ. ಸರಕೆಲ್ಲ ಏರಿದ ಮೇಲೆ ಮುಳುಗಿದೆಯಾ ಇಲ್ವಾ, ಅಷ್ಟೇ ನಮ್ಮ ಕೆಲಸ," ಎಂದು ಸಹಿ ಗೀಚಿ ಅವನು ಮನೆಗೆ ಓಡಿದ.

ಮನೆಯ ಬಾಗಿಲಲ್ಲಿ ಉಬ್ಬಿದ ಚೀಲ. ಬಚ್ಚಲಲ್ಲಿ ಯುದ್ಧ. ಮಗು ಮಾತ್ರ ಮಗಳ ಸೊಂಟದ ಮೇಲೆ ಬತ್ತಲೆ ಕೂತು ತಮಾಷೆ ನೋಡುತ್ತಿತ್ತು.

ಬೀಗಿತ್ತಿ ಬಂದ ದಿನವೇ ಮಗುವಿನ ಪ್ಲಾಸ್ಟಿಕ್ ತೊಟ್ಟಿಯೊಳಗೆ ಉಗುರುಬಣ್ಣದಿಂದ ಕೆಂಪು ಗೆರೆ ಎಳೆದು, ನೀರು ಇದನ್ನು ದಾಟಕೂಡದು ಎಂದಿದ್ದರು. ಮೂರು ಮಕ್ಕಳನ್ನು ಮೀಯಿಸಿದ್ದ ಹೆಂಡತಿಗೆ ಆ ಗೆರೆ ತನ್ನ ಹಣೆಗೇ ಎಳೆದಂತಾಗಿತ್ತು.

"ನೋಡಿ ಬೀಗರೇ, ಬೇಕಂತ್ಲೇ ಎರಡು ಬೆರಳು ಮೇಲೆ ತುಂಬಿದ್ದಾರೆ! ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ ಇಲ್ಲಿ!"

"ಗೆರೆ ತನಕ ಮಾತ್ರ ತುಂಬಿದ್ದು. ಒಂದು ಹನಿ ಹೆಚ್ಚಿದ್ರೆ ನನ್ನ ನಾಲಿಗೆ ಬಿದ್ದು ಹೋಗ್ಲಿ!"

ತೊಟ್ಟಿ ಇನ್ನೂ ಅಲ್ಲೇ ಇತ್ತು. ಅವನು ಪ್ಯಾಂಟು ಮಡಚಿ ಕುಕ್ಕರುಗಾಲಲ್ಲಿ ಕೂತ. ನೀರು ಸರಿಯಾಗಿ ಗೆರೆಗೇ ನಿಂತಿತ್ತು. ಮಗುವನ್ನು ತೊಟ್ಟಿಗೆ ಇಳಿಸಿದ. ನೀರು ಗೆರೆಯನ್ನು ನುಂಗಿ ಎರಡು ಬೆರಳು ಏರಿತು.

"ಅಯ್ಯೋ ಮಾರಾಯ್ತಿ, ಖಾಲಿ ಹಡಗಿಗೆ ಗೆರೆ ನೋಡಿದ್ದೀಯಲ್ಲೇ. ಸರಕು ಏರಿದ ಮೇಲೆ ನೋಡ್ಬೇಕು!"

"ನಮ್ಮ ಕೂಸು ಸರಕಾ?" ಇಬ್ಬರು ಹೆಂಗಸರೂ ಒಂದೇ ಗಂಟಲಲ್ಲಿ ಎರಗಿದರು.

"ಅಪ್ಪಾ, ನಿಮ್ಮ ನಾಲಿಗೆಗೂ ಒಂದು ಗೆರೆ ಬೇಕು," ಎಂದಳು ಮಗಳು.

ಆದರೂ ಹೆಂಡತಿ ಸೋಲಲಿಲ್ಲ. "ಅದೆಲ್ಲಾ ಸರಿ, ನಮ್ಮನೇಲಿ ಅವರ ಗೆರೆ ಯಾಕ್ರೀ?"

"ನಿನ್ನ ಲೆಕ್ಕ ಏನು, ಹೇಳು."

"ಕೂತ ಮಗುವಿನ ಹೊಕ್ಕುಳು ಮುಳುಗಬಾರದು. ನಮ್ಮಮ್ಮ ಹೇಳಿಕೊಟ್ಟಿದ್ದು."

ಅವನು ಚೊಂಬಿನಿಂದ ನೀರು ತೆಗೆದು ತೆಗೆದು ಚೆಲ್ಲಿದ. ಮೊದಲು ಕೆಂಪು ಗೆರೆ ಕಂಡಿತು. ಅದರ ಮಟ್ಟಕ್ಕೇ, ನೀರಿನ ಮೇಲೆ ಕೂದಲೆಳೆಯಷ್ಟು ತೇಲಿ, ದುಂಡು ಹೊಕ್ಕುಳೂ ಕಂಡಿತು.

ಹೆಂಡತಿ ಬಗ್ಗಿ ನೋಡಿದಳು. ಬೀಗಿತ್ತಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ನಿಮ್ಮಮ್ಮನೂ ಹಾಗೇ ಅಂತಿದ್ರಾ?" ಎಂದರು ಬೀಗಿತ್ತಿ, ದನಿ ಇಳಿಸಿ.

"ಅಂತಿದ್ರು. ಇಲ್ಲದಿದ್ರೆ ನೆಗಡಿ ಬಿಡಲ್ಲ ಅಂತ."

"ಹೌದೌದು, ನೆಗಡಿ! ಅದನ್ನೇ ನಾನೂ ಹೇಳೋದು. ನೀವು ಬೆನ್ನು ಹಿಡ್ಕೊಳ್ಳಿ, ನಾನು ತಲೆಗೆ ಹೊಯ್ತೀನಿ. ಬೀಗರೇ, ನೀವು ಸ್ವಲ್ಪ ಆಚೆ ಹೋಗಿ."

ಅವನು ಆಚೆ ಬಂದು ನಿಂತ. ಪ್ಯಾಂಟು ಮಂಡಿಯವರೆಗೆ ತೊಯ್ದಿತ್ತು. ಬಚ್ಚಲಲ್ಲಿ ಮಗು ಎರಡೂ ಕೈಯಲ್ಲಿ ನೀರು ಬಡಿದು ಕೇಕೆ ಹಾಕಿತು. ಸ್ವಲ್ಪ ಹೊತ್ತಿಗೆ ಹೆಂಡತಿ ಬಂದು, ಎಲ್ಲೂ ಜಾಗ ಕಾಣದೆ, ಒದ್ದೆ ಟವೆಲನ್ನು ಬಾಗಿಲಲ್ಲಿದ್ದ ಬೀಗಿತ್ತಿಯ ಚೀಲದ ಮೇಲೆ ಹರವಿ ಹೋದಳು.