ಮೂಟೆಯ ತಳ

ಕೋಳಿ ಆಹಾರದ ಗಿರಣಿಯ ಯಜಮಾನಿಗೆ ಆ ಹುಡುಗಿಯ ನಗು ಹಿಡಿಸಲಿಲ್ಲ. ಕೆಲಸ ಕೇಳುವವರು ಹೀಗೆ ನಗುವುದಿಲ್ಲ, ಚಂದಾ ಕೇಳುವವರೂ ನಗುವುದಿಲ್ಲ. ಇವಳು ಎರಡನ್ನೂ ಕೇಳುತ್ತಿರಲಿಲ್ಲ. "ನಾಲ್ಕು ಕೋಳಿ ಶೆಡ್ಡು ಇಟ್ಕೊಂಡಿದೀನಮ್ಮಾ. ಫೀಡು ನಾನೇ ಮಾಡ್ಬೇಕು ಅಂತಾಸೆ. ನಿಮ್ಮ ಜೊತೆ ಓಡಾಡ್ಕೊಂಡು ವ್ಯಾಪಾರ ಕಲೀತೀನಿ" ಎನ್ನುತ್ತಿದ್ದಳು, ಅಷ್ಟೇ.

ಸುತ್ತಿನ ಊರುಗಳಿಗೆಲ್ಲ ಲಾರಿ ಕಳಿಸುವ ಹೆಂಗಸಿಗೆ ಊಟಕ್ಕೆ ಕೂರಲೂ ಪುರುಸೊತ್ತಿರಲಿಲ್ಲ. ಇವಳೋ ಬೆಳಗಾದರೆ ಗೇಟಿನ ಹತ್ತಿರ ಹಾಜರು. ಮೊದಲು ಬೈದು ಕಳಿಸಿದರು. ಆಮೇಲೆ ಗಿರಣಿಗೆ ಬಂದಿಲ್ಲ, ಮನೆಯಲ್ಲಿದ್ದಾರೆಂದು ಕಾವಲುಗಾರನಿಂದ ಹೇಳಿಸಿದರು. ಹುಡುಗಿ ಹೊರಗೆ ನಿಂತ ಕಾರಿನ ಬಾನೆಟ್ ಮುಟ್ಟಿ ನೋಡಿ, "ಬೆಚ್ಚಗಿದೆಯಲ್ಲಣ್ಣಾ, ಈಗ ತಾನೇ ಬಂದಿದಾರೆ" ಎಂದಳಂತೆ.

"ಕಲಿಯೋಕೆ ಬಂದೋಳಲ್ಲಮ್ಮಾ ಇವಳು, ಪೊಲೀಸಿಗೆ ಸೇರ್ಬೇಕಾದೋಳು!" ಎಂದು ಕಾವಲುಗಾರ ನಕ್ಕ.

ಯಜಮಾನಿ ನಗಲಿಲ್ಲ. ಪಾಲು ತೆಗೆದುಕೊಂಡು ಹೋದ ಮೈದುನ ಎದುರು ರಸ್ತೆಯಲ್ಲೇ ಇನ್ನೊಂದು ಗಿರಣಿ ಹಾಕಿದ್ದ. ಹೋದ ವರ್ಷ ಹೀಗೇ ನಗುನಗುತ್ತಾ ಸೇರಿಕೊಂಡ ಗುಮಾಸ್ತನೊಬ್ಬ ಇಲ್ಲಿನ ಗುಟ್ಟನ್ನೆಲ್ಲ ಅವನಿಗೆ ಮುಟ್ಟಿಸಿದ್ದ.

ಕೊನೆಗೊಂದು ಸಂಜೆ ಗಾಳ ಹಾಕಿಯೇಬಿಟ್ಟರು. ಹುಡುಗಿಯನ್ನು ಒಳಗೆ ಕರೆದು, ಬಾಗಿಲು ಮುಚ್ಚಿ, "ಯಾರ ಹತ್ರಾನೂ ಬಾಯಿ ಬಿಡ್ಬೇಡ. ನಾಳೆ ಹೊಳೆಯಾಚೆ ಮಂಡೀಲಿರೋ ಜೋಳ ಎಲ್ಲಾ ನಾನೇ ಎತ್ತಿಸ್ತೀನಿ" ಎಂದರು. ಆ ಮಂಡಿಗೆ ಅವರು ಕಾಲಿಟ್ಟು ವರ್ಷಗಳಾಗಿದ್ದವು. ಮೈದುನನ ಲಾರಿ ಅಲ್ಲಿ ಕಂಡರೆ ಇವಳ ಬಣ್ಣ ಬಯಲು.

ಬೆಳಿಗ್ಗೆ ತಾವೇ ಹೋಗಿ, ಮಂಡಿಯ ಮೂಲೆಯಲ್ಲಿ ಕಾರು ನಿಲ್ಲಿಸಿಕೊಂಡು ಕಾದರು. ಟ್ರ್ಯಾಕ್ಟರುಗಳು ಬಂದವು, ಟೆಂಪೋಗಳು ಬಂದವು. ಮೈದುನನ ಲಾರಿ ಬರಲಿಲ್ಲ. ಬಂದವಳು ಹುಡುಗಿ. ಮೂಟೆಯಿಂದ ಮೂಟೆಗೆ ಹೋಗುತ್ತಾ, ಮೇಲಿನ ನಾಲ್ಕು ಕಾಳು ಎತ್ತಿ ಕಚ್ಚಿ ನೋಡಿ, ಉಗಿದು, ತಲೆ ಕೆರೆದುಕೊಳ್ಳುತ್ತಿದ್ದಳು.

ಯಜಮಾನಿ ಇಳಿದು ಅವಳ ಬೆನ್ನ ಹಿಂದೆಯೇ ಹೋಗಿ ನಿಂತರು. "ಯಾರು ಕಳಿಸಿದ್ದು ನಿನ್ನ?"

ಹುಡುಗಿ ಬೆಚ್ಚಿದಳು. "ಯಾರೂ ಇಲ್ಲಮ್ಮಾ. ನೀವು ಕೊಳ್ತೀನಿ ಅಂದ್ರಲ್ಲ, ಈ ಜೋಳದಲ್ಲಿ ನಿಮಗೇನು ಕಂಡಿತು ಅಂತ ನೋಡೋಕೆ ಬಂದೆ. ಕಚ್ಚಿ ಕಚ್ಚಿ ದವಡೆ ನೋವು ಬಂತು. ಗರಿಗರಿಯಾಗಿ ಒಣಗಿದೆ, ಬಿಡ್ಬೇಡಿ."

"ಒಣಗಿರೋದು ಮೇಲೆ ಕಣೇ ಪೆದ್ದೀ! ಇಲ್ಲಿನವ್ರು ತಳಕ್ಕೆ ಹಸೀದು ತುಂಬ್ತಾರೆ. ಅಂಗಿ ತೋಳು ಮಡಚ್ಕೋ. ಕೈ ತಳಕ್ಕೆ ಇಳಿಸು."

ಅಷ್ಟು ಹೇಳಿದ ಮೇಲೆ, ಬಾಯಿತಪ್ಪಿ ಗುಟ್ಟು ಹೇಳಿಕೊಟ್ಟುಬಿಟ್ಟೆನೆಂದು ಅವರಿಗೆ ಹೊಳೆಯಿತು.

ಹುಡುಗಿ ಮೊಣಕೈ ಮುಳುಗುವವರೆಗೂ ಕೈ ಇಳಿಸಿದಳು. "ಬೆಚ್ಚಗಿದೆಯಮ್ಮಾ ಒಳಗೆ, ಹಸೀನೇ. ಹಾಗಾದ್ರೆ ನೀವ್ಯಾಕೆ ಇಲ್ಲಿ..." ಮೂಲೆಯಲ್ಲಿ ಕಾದು ನಿಂತಿದ್ದ ಕಾರು ಕಣ್ಣಿಗೆ ಬಿತ್ತು. ಮುಖದ ನಗು ನಿಂತಿತು. ಆದರೆ ಕೈ ಹೊರಗೆ ತೆಗೆಯಲಿಲ್ಲ.

ಯಜಮಾನಿ, "ಆ ಕಡೇ ಮೂಟೇನೂ ನೋಡು" ಎಂದು, ಅವಳ ಹೆಗಲ ಮೇಲಿಂದ ರಸ್ತೆಯ ಕಡೆ ಕಣ್ಣು ಹಾಯಿಸಿದರು. ಲಾರಿ ಯಾವುದೂ ಬರುತ್ತಿರಲಿಲ್ಲ. ಆದರೂ ನೋಡುತ್ತಲೇ ಇದ್ದರು.